ಎಲೆಕ್ಟ್ರಿಕ್ ಗಿಟಾರ್‌ನ ಮರದ ಬಾಡಿಯ ಮೇಲೆ ಮನೆಯಲ್ಲೇ ಹೊಸ ಪಾಲಿಶ್: ಕೆಟ್ಟದ್ದು ಯಾವ ಪದರದಲ್ಲಿ ಎಂದು ಹುಡುಕುವ ಕೈಪಿಡಿ

ಹೊಸದಾಗಿ ಲ್ಯಾಕರ್ ಹೊಡೆದ ಗಿಟಾರ್ ಬಾಡಿಯ ಮೇಲೆ ಬಿಳಿ ಮಂಕು ಕವಿಯುತ್ತದೆ, ಗುಳ್ಳೆ ಏಳುತ್ತದೆ, ಬಣ್ಣ ಸುಕ್ಕುಗಟ್ಟುತ್ತದೆ. ಕಂಡ ಕೂಡಲೇ ಅದರ ಮೇಲೆ ಇನ್ನೊಂದು ಕೋಟ್ ಹೊಡೆದು ಮುಚ್ಚೋಣ ಅನಿಸುವುದು ಸಹಜ. ಆದರೆ ಅರ್ಧ ಗಂಟೆಯಲ್ಲಿ ಸರಿಹೋಗುತ್ತಿದ್ದ ದೋಷವನ್ನು ಮರದವರೆಗೆ ಕೆರೆದು ತೆಗೆಯುವ ಹಾಗೆ ಮಾಡುವುದು ಆ ಇನ್ನೊಂದು ಕೋಟೇ. ಮೇಲೆ ಕಾಣುವ ದೋಷದ ಬೇರು ಬಹಳ ಸಲ ಕೆಳಗಿನ ಪದರದಲ್ಲಿರುತ್ತದೆ, ಇಲ್ಲವೇ ಮರದಲ್ಲೇ ಇರುತ್ತದೆ. ಯಾವ ಪದರ ಎಂದು ಗೊತ್ತಾಗುವ ತನಕ ಸ್ಪ್ರೇ ಗನ್ ಮುಟ್ಟಬೇಡಿ.

ಮೊದಲು ಕೇಳಿಕೊಳ್ಳಬೇಕಾದದ್ದು ಮೂರು. ದೋಷ ಯಾವಾಗ ಕಂಡಿತು: ಹೊಡೆದ ಕೆಲವೇ ನಿಮಿಷಕ್ಕೋ, ಮಾರನೆಯ ದಿನವೋ, ತಿಂಗಳು ಕಳೆದ ಮೇಲೋ? ಎಲ್ಲಿ ಕಂಡಿತು: ಇಡೀ ಮೈಗೋ, ಅಂಚಿಗೋ, ಸ್ಕ್ರೂ ತೂತುಗಳ ಸುತ್ತವೋ, ಮರದ ಎಳೆಯ ಉದ್ದಕ್ಕೋ? ಉಗುರು ಆಡಿಸಿದರೆ ಸಿಗುತ್ತದೆಯೋ, ಬರೀ ಕಣ್ಣಿಗೆ ಕಾಣುತ್ತದೆಯೋ? ಕೊಡಗಿನಲ್ಲಿ ಇವುಗಳ ಜೊತೆ ಇನ್ನೊಂದನ್ನು ಸೇರಿಸಲೇಬೇಕು: ಆ ಹೊತ್ತಿಗೆ ಗಾಳಿಯಲ್ಲಿ ತೇವ ಎಷ್ಟಿತ್ತು?

ಎಲ್ಲಕ್ಕಿಂತ ಮೊದಲು ತೇವದ ಲೆಕ್ಕ

ಬರಿಮೈ ಮರ ಸುತ್ತಲಿನ ಗಾಳಿಗೆ ತಕ್ಕಂತೆ ನೀರು ಹೀರುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆ ಶೇ. 65ರ ಹತ್ತಿರ ನಿಂತರೆ ಮರದ ತೇವ ಸುಮಾರು ಶೇ. 12ಕ್ಕೆ ಬಂದು ನಿಲ್ಲುತ್ತದೆ. ಆರ್ದ್ರತೆ ಶೇ. 80 ಆದರೆ ಮರದಲ್ಲಿ ಶೇ. 16, ಶೇ. 90 ಆದರೆ ಶೇ. 20ರ ಆಸುಪಾಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಶೇ. 90 ದಾಟಿದ ಗಾಳಿ ದಿನಗಟ್ಟಲೆ ಹಾಗೇ ನಿಂತಿರುತ್ತದೆ. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಬಣ್ಣ ಕೆರೆದ ಬಾಡಿಯನ್ನು ಗೋಡೆಗೆ ಒರಗಿಸಿಟ್ಟರೆ ಅದು ಒಣಗುವುದಿಲ್ಲ, ನೀರು ಕುಡಿಯುತ್ತಾ ಹೋಗುತ್ತದೆ. ಮರದ ತೇವ ಶೇ. 12ರಿಂದ 16ಕ್ಕೆ ಏರಿದರೆ 32 ಸೆಂ.ಮೀ. ಅಗಲದ ಮಹಾಗನಿ ಬಾಡಿ ಅಡ್ಡಕ್ಕೆ 2–3 ಮಿ.ಮೀ. ಹಿಗ್ಗುತ್ತದೆ. ಆಗ ಪಾಲಿಶ್ ಮಾಡಿ ಜನವರಿಯಲ್ಲಿ ನೋಡಿದರೆ ಮರ ಕುಗ್ಗಿ, ಅಂಟಿಸಿದ ಜೋಡಣೆಯ ಗೆರೆಗಳು ಮೇಲೆದ್ದು ಕಾಣುತ್ತವೆ.

ಮರದ ತೇವ ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. 5 ಕೆ.ಜಿ.ವರೆಗೆ ತೂಗುವ, ಒಂದು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. 2.2 ಕೆ.ಜಿ. ತೂಕದ ಬಾಡಿಯಲ್ಲಿ ತೇವ ಶೇ. 1 ಇಳಿದರೆ ತೂಕ ಸುಮಾರು 20 ಗ್ರಾಂ ಇಳಿಯುತ್ತದೆ. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ತೂಗಿ ಬರೆದಿಡಿ. ಮೂರ್ನಾಲ್ಕು ದಿನ ವ್ಯತ್ಯಾಸ 5 ಗ್ರಾಂ ಒಳಗಿದ್ದು, ಕೋಣೆಯ ಆರ್ದ್ರತೆಯೂ ಶೇ. 65ರ ಕೆಳಗಿದ್ದರೆ ಮರ ಸಿದ್ಧವಾಗಿದೆ. ಕಾಫಿ ಬೀಜಕ್ಕೆಂದು ತೋಟದಲ್ಲಿ ಇಟ್ಟಿರುವ ತೇವಾಂಶ ಮಾಪಕ ಇಲ್ಲಿ ಉಪಯೋಗಕ್ಕೆ ಬಾರದು. ಅದರ ಅಳತೆ ಬೀಜಕ್ಕೆಂದೇ ಹೊಂದಿಸಿದ್ದು.

ಒಣಗಿಸಲು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ. ಹೊಗೆಯ ಜಿಡ್ಡು ಮರಕ್ಕೆ ಇಳಿದರೆ ಮುಂದೆ ಲ್ಯಾಕರ್ ಹಿಡಿಯುವುದಿಲ್ಲ. ಹಳೆಯ ಮರದ ಅಲಮಾರಿಯ ತಳದಲ್ಲಿ 40 ವ್ಯಾಟಿನ ತಂತಿ ಬಲ್ಬು ಉರಿಸಿ, ಬಾಡಿಯನ್ನು ಮೇಲೆ ತೂಗುಹಾಕಿ, ಬಾಗಿಲನ್ನು ಬೆರಳಗಲ ತೆರೆದಿಡಿ. ಎಲ್‌ಇಡಿ ಬಲ್ಬಿನ ಶಾಖ ಇದಕ್ಕೆ ಸಾಲದು. ಈ ಅಲಮಾರಿ ಬರಿಮೈ ಮರಕ್ಕೆ ಮಾತ್ರ. ಆಗಷ್ಟೇ ಲ್ಯಾಕರ್ ಹೊಡೆದದ್ದನ್ನು ಅದರೊಳಗೆ ಇಟ್ಟರೆ ಥಿನ್ನರ್ ಆವಿ ತುಂಬಿ ಬೆಂಕಿ ಹೊತ್ತಿಕೊಳ್ಳುತ್ತದೆ.

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲಿಂದ ಕಾಫಿಯ ಹೂಮಳೆ ಬೀಳುವ ತನಕ, ಅಂದರೆ ಡಿಸೆಂಬರ್‌ನಿಂದ ಮಾರ್ಚ್ ನಡುವಿನವರೆಗೆ, ಈ ಕೆಲಸಕ್ಕೆ ಒಳ್ಳೆಯ ಕಾಲ. ಆಗಲೂ ಬೆಳಗಿನ ಮಂಜು ಕರಗಿ ಹನ್ನೊಂದು ಗಂಟೆ ಆಗುವವರೆಗೆ ಗನ್ ಹಿಡಿಯಬೇಡಿ, ಸಂಜೆ ನಾಲ್ಕರ ನಂತರವೂ ಬೇಡ. ಕುಶಾಲನಗರದ ಕಡೆ ಗಾಳಿ ಒಣ, ಅಲ್ಲಿಯವರಿಗೆ ಹೊತ್ತು ಹೆಚ್ಚು ಸಿಗುತ್ತದೆ. ಆದರೆ ಇದೇ ತಿಂಗಳುಗಳಲ್ಲಿ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಕಣದ ಕಡೆಯಿಂದ ಗಾಳಿ ಬೀಸುವ ಜಗಲಿಯಲ್ಲಿ ಸ್ಪ್ರೇ ಮಾಡಿದರೆ ಸಿಪ್ಪೆಯ ಪುಡಿ ಹಸಿ ಲ್ಯಾಕರ್‌ಗೆ ಅಂಟುತ್ತದೆ. ಮನೆಯ ಇನ್ನೊಂದು ಮಗ್ಗುಲಿಗೆ ಹೋಗಿ, ನೆಲಕ್ಕೆ ನೀರು ಚಿಮುಕಿಸದೆ ಒದ್ದೆ ಬಟ್ಟೆಯಿಂದ ಒರೆಸಿ ಕೆಲಸ ಮಾಡಿ.

ಹಳೆಯ ಬಣ್ಣ ಬಿಡುತ್ತಿಲ್ಲ, ಸ್ಯಾಂಡ್ ಪೇಪರ್ ಕಟ್ಟಿಕೊಳ್ಳುತ್ತಿದೆ

ಮೊದಲು ಮೇಲಿರುವುದು ಏನೆಂದು ಗುರುತಿಸಿ. ನೆಕ್ ಪಾಕೆಟ್ (ಗಿಟಾರ್‌ನ ಕತ್ತು ಬಾಡಿಗೆ ಕೂರುವ ಗುಳಿ) ಒಳಗೋ, ಹಿಂಬದಿಯ ಮುಚ್ಚಳದ ಕೆಳಗೋ, ಕಾಣದ ಜಾಗದಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ನಲ್ಲಿ ಅದ್ದಿದ ಹತ್ತಿಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಮೈ ಅಂಟಂಟಾಗಿ ಹತ್ತಿಗೆ ಬಣ್ಣ ಬಂದರೆ ಅದು ನೈಟ್ರೋಸೆಲ್ಯುಲೋಸ್, ಶೆಲ್ಯಾಕ್ (ಅರಗಿನ ಪಾಲಿಶ್) ಅಥವಾ ಅಂಗಡಿಯ ಸ್ಪ್ರೇ ಡಬ್ಬಿಯ ಬಣ್ಣ. ಏನೂ ಆಗದಿದ್ದರೆ ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್. ಕಡಿಮೆ ಬೆಲೆಯ ಕಾರ್ಖಾನೆ ಗಿಟಾರ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ, ಅರ್ಧದಿಂದ ಒಂದು ಮಿ.ಮೀ. ದಪ್ಪ. ಇದಕ್ಕೆ ಪೇಂಟ್ ರಿಮೂವರ್ ಹಚ್ಚಿ ಕಾಯುವುದು ದುಡ್ಡು ದಂಡ.

ಪಾಲಿಯೆಸ್ಟರ್‌ಗೆ ಹೀಟ್ ಗನ್ ಬೇಕು. 250ರಿಂದ 300 ಡಿಗ್ರಿಗೆ ಇಟ್ಟು, 5–8 ಸೆಂ.ಮೀ. ದೂರದಲ್ಲಿ ಒಂದೇ ಕಡೆ ನಿಲ್ಲಿಸದೆ ಆಡಿಸಿ, ಬಣ್ಣ ಮೆತ್ತಗಾದಾಗ ಮೂಲೆ ದುಂಡಗೆ ಮಾಡಿಕೊಂಡ ಪುಟ್ಟಿ ಪಟ್ಟಿಯನ್ನು ಮರದ ಎಳೆಯ ದಿಕ್ಕಿಗೆ ತಳ್ಳಿ. ಹೊಗೆ ಎದ್ದರೆ ಶಾಖ ಹೆಚ್ಚಾಗಿದೆ. ಅದರ ಕೆಳಗೆ ಮರ ಕಂದಾಗಿ ಸುಟ್ಟಿರುತ್ತದೆ, ಜೋಡಣೆಯ ಅಂಟೂ ಸಡಿಲವಾಗಬಹುದು. ಪಿಕಪ್ (ತಂತಿಗಳ ಕಂಪನ ಹಿಡಿಯುವ ಅಯಸ್ಕಾಂತದ ಭಾಗ), ವಯರಿಂಗ್, ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ಲೋಹದ ಭಾಗ) ಎಲ್ಲ ಮೊದಲೇ ಬಿಚ್ಚಿರಬೇಕು. ಬ್ರಿಡ್ಜಿನ ಲೋಹದ ಕೊಳವೆಗಳು ಮರದಲ್ಲಿ ಬಿಗಿಯಾಗಿ ಕೂತಿದ್ದರೆ ಇಕ್ಕಳದಿಂದ ಎಳೆಯಬೇಡಿ. ಕೊಳವೆಯ ತಳಕ್ಕೆ ಒಂದು ಚಿಕ್ಕ ಕಬ್ಬಿಣದ ತುಂಡು ಹಾಕಿ ಅದರದೇ ಬೋಲ್ಟನ್ನು ತಿರುಗಿಸುತ್ತಾ ಹೋಗಿ. ಬೋಲ್ಟ್ ತಳ ಮುಟ್ಟಿದ ಮೇಲೆ ಕೊಳವೆ ತಾನೇ ಮೇಲೇಳುತ್ತದೆ.

ಸ್ಯಾಂಡ್ ಪೇಪರ್ ಕಟ್ಟಿಕೊಳ್ಳಲು ಕಾರಣ ಶಾಖ. ಮೆಷಿನ್ ವೇಗಕ್ಕೆ ಬಣ್ಣ ಕರಗಿ ಕಾಗದದ ಹರಳುಗಳ ನಡುವೆ ಗಂಟಾಗುತ್ತದೆ. 80 ನಂಬರ್ ಕಾಗದ, ಕಡಿಮೆ ವೇಗ, ಕೈಭಾರ ಹಾಕದೆ ಓಡಿಸುವುದು: ಈ ಮೂರೇ ಪರಿಹಾರ.

ಬಣ್ಣ ಹೋಯಿತು, ಮರ ಬಂತು ಎಂದು ಮೋಸಹೋಗುವುದು ಇಲ್ಲಿಯೇ. ಕಾರ್ಖಾನೆಯವರು ಬಣ್ಣದ ಕೆಳಗೆ ಪಾರದರ್ಶಕ ಸೀಲರ್ (ಮರದ ರಂಧ್ರ ಮುಚ್ಚುವ ತಳಪದರ) ಕೊಟ್ಟಿರುತ್ತಾರೆ. ಅದು ನೋಡಲು ಮರದಂತೆಯೇ ಇರುತ್ತದೆ. ಒಂದೊಂದು ಹನಿ ನೀರನ್ನು ಹತ್ತಾರು ಕಡೆ ಇಟ್ಟು ನೋಡಿ. ಹನಿ ಮುತ್ತಿನಂತೆ ನಿಂತ ಕಡೆ ಸೀಲರ್ ಉಳಿದಿದೆ, ಹೀರಿ ಕಪ್ಪಾದ ಕಡೆ ಮರ ತೆರೆದಿದೆ. ಮರ ಕಾಣದಂತೆ ಮುಚ್ಚುವ ಗಟ್ಟಿ ಬಣ್ಣ ಹೊಡೆಯುವುದಾದರೆ ಆ ಸೀಲರನ್ನು ತೆಗೆಯುವುದೇ ಬೇಡ, 320 ನಂಬರಿನಲ್ಲಿ ಒರಟು ಮಾಡಿಕೊಂಡರೆ ಅದು ಒಳ್ಳೆಯ ತಳ. ಮರ ಕಾಣುವ ಸ್ಟೇನ್ (ಮರದೊಳಗೆ ಹೀರಿಕೊಳ್ಳುವ ತೆಳು ಬಣ್ಣ) ಬೇಕಿದ್ದರೆ ಮಾತ್ರ ಪೂರ್ತಿ ತೆಗೆಯಿರಿ. ಕಡಿಮೆ ಬೆಲೆಯ ಕಾರ್ಖಾನೆ ಗಿಟಾರ್‌ಗಳಲ್ಲಿ ಬಣ್ಣದಡಿ ನಾಲ್ಕೈದು ತುಂಡು ಜೋಡಿಸಿದ ಮರ ಇರುವುದು ಸಾಮಾನ್ಯ. ಅದನ್ನು ನೋಡಿದ ಮೇಲೆ ಸ್ಟೇನ್ ಬೇಕೋ ಬಣ್ಣ ಬೇಕೋ ಎಂದು ನಿರ್ಧರಿಸಿ.

ಉಜ್ಜಿದ ಮೇಲೆ ಅಲೆ, ಗೀರು, ಮಚ್ಚೆ

ಟ್ಯೂಬ್‌ಲೈಟ್ ಬೆಳಕನ್ನು ಮೈಗೆ ಅಡ್ಡಲಾಗಿ ಬೀಳಿಸಿ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿದರೆ ಅಲೆ ಇದ್ದಲ್ಲಿ ಕೆಳಗಿನಿಂದ ಬೆಳಕು ನುಸುಳುತ್ತದೆ. ಕಾಗದವನ್ನು ಬರಿ ಬೆರಳಲ್ಲಿ ಒತ್ತಿ ಉಜ್ಜಿದ್ದೇ ಕಾರಣ. ಸಪಾಟು ಮೈಗೆ ಗಟ್ಟಿ ಮರದ ತುಂಡು, ಬಾಡಿಯ ಮೇಲ್ತುದಿಯ ಕೊಂಬುಗಳ ಒಳತಿರುವಿಗೆ ಕಾಗದ ಸುತ್ತಿದ ಪೈಪ್ ತುಂಡು, ಹೊಟ್ಟೆಗೆ ಒರಗುವ ಇಳಿಜಾರಿಗೆ ಗಟ್ಟಿ ಸ್ಪಂಜು. ಮೈಗೆಲ್ಲ ಪೆನ್ಸಿಲ್ಲಿನಲ್ಲಿ ಗೀಚಿಕೊಂಡು ಉಜ್ಜಿದರೆ ಗೆರೆ ಉಳಿದ ಕಡೆ ತಗ್ಗು ಎಂದು ತಿಳಿಯುತ್ತದೆ. ಪ್ರತಿ ನಂಬರಿಗೂ ಹೊಸದಾಗಿ ಗೀಚಿ. 80, 120, 180, 220, ಇಷ್ಟರಲ್ಲಿ ಒಂದನ್ನೂ ಹಾರಬೇಡಿ. 80ರ ಗೀರನ್ನು 220 ಅಳಿಸಲಾರದು, ತುದಿಯನ್ನು ಮಾತ್ರ ನಯ ಮಾಡುತ್ತದೆ. ಸ್ಟೇನ್ ಬಿದ್ದ ಕೂಡಲೇ ಆ ಗೀರುಗಳೆಲ್ಲ ಕಪ್ಪು ಗೆರೆಗಳಾಗಿ ಎದ್ದು ಬರುತ್ತವೆ. ಬಂದರೆ ಸ್ಟೇನ್ ಮೇಲೆ ಸ್ಟೇನ್ ಹಚ್ಚದೆ 120ಕ್ಕೆ ಹಿಂತಿರುಗಿ.

ಅಡ್ಡ ಕೊಯ್ದ ಮೈ, ಅಂದರೆ ಬಾಡಿಯ ಬುಡ ಮತ್ತು ಕೊಂಬಿನ ತುದಿ, ಸ್ಟೇನನ್ನು ಹೆಚ್ಚು ಕುಡಿದು ಕಪ್ಪಾಗುತ್ತದೆ. ಅಲ್ಲಿ ಒಂದು ನಂಬರ್ ಮುಂದೆ ಹೋಗಿ 320ರವರೆಗೆ ಉಜ್ಜಿದರೆ ಬಣ್ಣ ಸಮವಾಗುತ್ತದೆ. ಸ್ಟೇನ್ ಹಿಡಿಯದ ತಿಳಿ ಮಚ್ಚೆಗೆ ಎರಡು ಕಾರಣ: ಉಳಿದ ಸೀಲರ್ ಅಥವಾ ಒಸರಿದ ಅಂಟು. ನೀರಿನ ಹನಿ ಪರೀಕ್ಷೆ ಎರಡನ್ನೂ ತೋರಿಸುತ್ತದೆ.

ಬಿಳಿಯ ಮರದಲ್ಲಿ ನೀಲಿ-ಕಪ್ಪು ಚುಕ್ಕೆ ಕಂಡರೆ ಅದು ಬೂಷ್ಟು. ಮಳೆಗಾಲದಲ್ಲಿ ಬರಿಮೈ ಬಿಟ್ಟ ಬಾಸ್‌ವುಡ್ ಬೇಗ ಹೀಗಾಗುತ್ತದೆ. ಮೇಲ್ಮೈಯ ಬೂಷ್ಟನ್ನು ಬಟ್ಟೆ ಒಗೆಯುವ ಬ್ಲೀಚ್ ನೀರಿನಿಂದ ತೆಗೆಯಬಹುದು, ಆಳಕ್ಕೆ ಇಳಿದ ನೀಲಿ ಹೋಗುವುದಿಲ್ಲ, ಗಟ್ಟಿ ಬಣ್ಣದಲ್ಲಿ ಮುಚ್ಚಬೇಕು. ಕಪ್ಪು ಕಲೆ ಸ್ಕ್ರೂ ತೂತಿನ ಸುತ್ತ ಮಾತ್ರ ಇದ್ದರೆ ಅದು ಕಬ್ಬಿಣದ ತುಕ್ಕು. ಅದಕ್ಕೆ ಆಕ್ಸಾಲಿಕ್ ಆಮ್ಲದ ದ್ರಾವಣ, ಕೈಗವಸು ಹಾಕಿಕೊಂಡೇ. ಬ್ಲೀಚ್ ಮತ್ತು ಆಮ್ಲವನ್ನು ಯಾವ ಕಾರಣಕ್ಕೂ ಒಂದರ ಮೇಲೊಂದು ಹಾಕಬೇಡಿ, ವಿಷದ ಗಾಳಿ ಹುಟ್ಟುತ್ತದೆ. ಯಾವುದನ್ನು ಬಳಸಿದರೂ ಮತ್ತೆ ತೂಕ ಸ್ಥಿರವಾಗುವ ತನಕ ಒಣಗಿಸಿ.

ನೆಕ್ ಪಾಕೆಟ್ ಒಳಗೆ ಮಾತ್ರ ಕಾಗದ ಆಡಿಸಬೇಡಿ. ಅಲ್ಲಿ ಅರ್ಧ ಮಿ.ಮೀ. ಓರೆಯಾದರೂ ಬ್ರಿಡ್ಜ್ ಹತ್ತಿರ ತಂತಿಗಳ ಎತ್ತರ ಅದರ ಹಲವು ಪಟ್ಟು ಬದಲಾಗುತ್ತದೆ. ಮರದ ತುಂಡು ಕತ್ತರಿಸಿ ಅಲ್ಲಿಗೆ ಬಿಗಿದು ಅದನ್ನೇ ಹಿಡಿಕೆಯಾಗಿ ಬಳಸಿದರೆ ಪಾಕೆಟಿಗೆ ಲ್ಯಾಕರ್ ಕೂಡ ಬೀಳುವುದಿಲ್ಲ.

ಸಾಮಾನು, ಅಳತೆ

ಒಂದು ಗಿಟಾರಿಗೆ ಎನ್‌ಸಿ ಸ್ಯಾಂಡಿಂಗ್ ಸೀಲರ್ ಅರ್ಧ ಲೀಟರ್, ಎನ್‌ಸಿ ಕ್ಲಿಯರ್ ಲ್ಯಾಕರ್ ಒಂದು ಲೀಟರ್, ಎನ್‌ಸಿ ಥಿನ್ನರ್ ಎರಡು ಲೀಟರ್ ಸಾಕು. ಗನ್ ತೊಳೆಯಲು ಅಗ್ಗದ ಥಿನ್ನರ್ ಬೇರೆ ಇಡಿ, ಅದನ್ನು ಲ್ಯಾಕರ್‌ಗೆ ಬೆರೆಸಬೇಡಿ. ಗನ್‌ಗೆ ಸಾಮಾನ್ಯವಾಗಿ ಲ್ಯಾಕರ್, ಥಿನ್ನರ್ ಸಮಸಮ. ಮಹಾಗನಿ, ಆಶ್, ತೇಗ, ಸಿಲ್ವರ್ ಓಕ್‌ನಂಥ ತೆರೆದ ರಂಧ್ರದ ಮರಕ್ಕೆ ಗ್ರೇನ್ ಫಿಲ್ಲರ್ (ರಂಧ್ರ ತುಂಬುವ ಪುಟ್ಟಿ) ಬೇಕು. ಬಾಸ್‌ವುಡ್, ಆಲ್ಡರ್, ಮೇಪಲ್‌ಗೆ ಬೇಡ.

ಎರಡು ಡಬ್ಬಿಯ ಪಿಯು (ಹಾರ್ಡನರ್, ಅಂದರೆ ಗಟ್ಟಿಯಾಗಿಸುವ ದ್ರವ ಬೆರೆಸುವ ಪಾಲಿಯುರೆಥೇನ್) ಮನೆಗೆ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದರ ಹಾರ್ಡನರ್‌ನ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯ, ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಇಲ್ಲದೆ ಅದನ್ನು ಸ್ಪ್ರೇ ಮಾಡಬಾರದು. ಎನ್‌ಸಿ ಲ್ಯಾಕರ್‌ಗೂ ಬಟ್ಟೆಯ ಮಾಸ್ಕ್ ಸಾಲದು, ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಒಲೆ, ಗ್ಯಾಸ್, ದೇವರ ದೀಪ ಯಾವುದೂ ಆ ಕೋಣೆಯಲ್ಲಿ ಉರಿಯುತ್ತಿರಬಾರದು.

ಬಿಳಿ ಮಂಕು

ಕೊಡಗಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವ ದೋಷ ಇದು. ಬಿಳಿ ಎಂದರೆ ಒಂದೇ ರೋಗವಲ್ಲ, ಮೂರು.

ಹೊಡೆದ ಎರಡು-ಮೂರು ನಿಮಿಷದೊಳಗೆ ಇಡೀ ಮೈಗೆ ಹಾಲಿನ ಬಣ್ಣ ಬಂದರೆ ಅದು ಬ್ಲಷಿಂಗ್. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಅದರ ತಾಪ ಇಬ್ಬನಿ ಕಟ್ಟುವ ಮಟ್ಟಕ್ಕೆ ಇಳಿದರೆ ಗಾಳಿಯ ನೀರು ಹಸಿ ಲ್ಯಾಕರ್ ಮೇಲೆ ಕೂರುತ್ತದೆ. 28 ಡಿಗ್ರಿ, ಶೇ. 50 ಆರ್ದ್ರತೆಯ ದಿನ ಇಬ್ಬನಿ ಕಟ್ಟಬೇಕಾದರೆ ಮೇಲ್ಮೈ 11 ಡಿಗ್ರಿ ತಣ್ಣಗಾಗಬೇಕು. 20 ಡಿಗ್ರಿ, ಶೇ. 85ರ ದಿನ ಎರಡೂವರೆ ಡಿಗ್ರಿ ಇಳಿದರೂ ಸಾಕು. ಮಳೆಗಾಲದ ಮಡಿಕೇರಿಯಲ್ಲಿ ಗನ್ ಎಷ್ಟೇ ಚೆನ್ನಾಗಿ ಹಿಡಿದರೂ ಇದು ತಪ್ಪದಿರುವುದಕ್ಕೆ ಈ ಲೆಕ್ಕವೇ ಕಾರಣ.

ಬ್ಲಷಿಂಗ್ ಆದ ಕೂಡಲೇ ಕೈಬಿಟ್ಟು ಕಾಯಿರಿ. ಒಣ ದಿನ ಬಂದಾಗ, ಆರ್ದ್ರತೆ ಶೇ. 65ರ ಕೆಳಗಿರುವಾಗ, ನಿಧಾನ ಒಣಗುವ ರಿಟಾರ್ಡರ್ ಥಿನ್ನರ್ ಶೇ. 10ರಷ್ಟು ಬೆರೆಸಿದ ಬರೀ ಥಿನ್ನರನ್ನು ತುಂತುರಿನಂತೆ ಒಂದೇ ಸಲ ಹಾಯಿಸಿ. ಲ್ಯಾಕರ್ ಮತ್ತೆ ಕರಗಿ ಒಳಗಿನ ನೀರು ಹೊರಬಂದು ಮೈ ತಿಳಿಯಾಗುತ್ತದೆ. ಆಗದಿದ್ದರೆ ಮರುದಿನ 600ರಲ್ಲಿ ಹಗುರವಾಗಿ ಉಜ್ಜಿ ಮತ್ತೊಮ್ಮೆ. ಬಿಳಿಯ ಮೇಲೆ ನಾಲ್ಕು ಕೋಟ್ ಹೊಡೆದು ಹೂತುಬಿಟ್ಟರೆ ತುಂತುರು ಅಲ್ಲಿಯವರೆಗೆ ತಲುಪುವುದಿಲ್ಲ, ಆಗ ಕೆರೆಯುವುದೊಂದೇ ದಾರಿ. ರಿಟಾರ್ಡರ್ ಒಳ್ಳೆಯದೆಂದು ಹೆಚ್ಚು ಸುರಿಯಬೇಡಿ, ಲ್ಯಾಕರ್ ವಾರಗಟ್ಟಲೆ ಮೆತ್ತಗೇ ಉಳಿಯುತ್ತದೆ.

ಪಾಲಿಶ್ ಆದ ಮೇಲೆ ಎಳೆಗಳ ಸಣ್ಣ ರಂಧ್ರಗಳಲ್ಲಿ ಮಾತ್ರ ಬಿಳಿ ಕಂಡರೆ ಅದು ಒಣಗಿದ ಕಾಂಪೌಂಡ್ (ಹೊಳಪು ಕೊಡಲು ಉಜ್ಜುವ ಪೇಸ್ಟ್). ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿಗೆ ಸ್ವಲ್ಪ ವೈಟ್ ಪೆಟ್ರೋಲ್ ತಾಗಿಸಿ ಎಳೆಯ ದಿಕ್ಕಿಗೆ ಉಜ್ಜಿದರೆ ಹೋಗುತ್ತದೆ. ಆದರೆ ಮೂಲದಲ್ಲಿ ರಂಧ್ರ ತುಂಬಿಲ್ಲ ಎಂಬುದನ್ನೂ ಅದು ಹೇಳುತ್ತದೆ.

ಮೂರನೆಯದು ಸ್ಕ್ರೂ ತೂತಿನ ಸುತ್ತ, ಅಂಚಿನಲ್ಲಿ, ಮಾರನೆಯ ದಿನ ಕಾಣುವ ಬಿಳಿ ಉಂಗುರ. ಅಲ್ಲಿ ಲ್ಯಾಕರ್ ಮರವನ್ನು ಬಿಟ್ಟಿದೆ. ಅದರ ವಿಚಾರ ಮುಂದೆ.

ಗುಳ್ಳೆ ಮತ್ತು ಸೂಜಿತೂತು

ಗುಳ್ಳೆಗಳ ಸಾಲನ್ನು ನೋಡಿದರೆ ಕಾರಣ ಸಿಗುತ್ತದೆ. ಮರದ ಎಳೆಯ ಉದ್ದಕ್ಕೂ ಸಾಲಾಗಿದ್ದರೆ, ಅಡ್ಡ ಕೊಯ್ದ ಮೈಯಲ್ಲಿ ದಟ್ಟವಾಗಿದ್ದರೆ, ರಂಧ್ರದೊಳಗಿನ ಗಾಳಿ ಹಿಗ್ಗಿ ಹೊರಬಂದಿದೆ. ತಣ್ಣನೆಯ ಕೋಣೆಯಲ್ಲಿದ್ದ ಬಾಡಿಯನ್ನು ಬಿಸಿಲಿಗೆ ತಂದು ಹೊಡೆದರೆ ಹೀಗಾಗುತ್ತದೆ. ಉಲ್ಟಾ ಮಾಡಿ: ಬಾಡಿಯನ್ನು ಬಿಸಿಲಿನ ಜಗಲಿಯಲ್ಲಿ ಬೆಚ್ಚಗೆ ಮಾಡಿಕೊಂಡು ನೆರಳಿಗೆ ಒಯ್ದು, ತಾಪ ಇಳಿಯುತ್ತಿರುವಾಗ ಹೊಡೆಯಿರಿ. ಗಾಳಿ ಕುಗ್ಗುತ್ತಾ ಲ್ಯಾಕರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಲ್ಯಾಕರ್ ದಪ್ಪವಾಗಿ ಬಿದ್ದ ಕಡೆ ಮಾತ್ರ ಗುಳ್ಳೆ ಇದ್ದರೆ ಮೇಲಿನ ಪೊರೆ ಮೊದಲು ಒಣಗಿ ಒಳಗಿನ ಥಿನ್ನರ್ ಅದನ್ನು ಒಡೆದುಕೊಂಡು ಬಂದಿದೆ. ತೆಳು ಕೋಟ್, ನಡುವೆ ಒಂದರಿಂದ ಎರಡು ಗಂಟೆ ಬಿಡುವು, ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಅಲ್ಲಲ್ಲಿ ದೊಡ್ಡ ಹನಿಯಂತೆ ಬಿದ್ದಿದ್ದರೆ ಕಂಪ್ರೆಸರ್ ಟ್ಯಾಂಕಿನ ನೀರು ಗನ್‌ಗೆ ಬಂದಿದೆ. ನಮ್ಮ ಗಾಳಿಗೆ ಟ್ಯಾಂಕಿನಲ್ಲಿ ನೀರು ಬೇಗ ತುಂಬುತ್ತದೆ. ಪ್ರತಿ ಸಲ ಶುರುಮಾಡುವ ಮೊದಲು ತಳದ ವಾಲ್ವ್ ತೆರೆದು ಖಾಲಿ ಮಾಡಿ, ಪೈಪಿಗೆ ನೀರು ತಡೆಯುವ ಫಿಲ್ಟರ್ ಹಾಕಿ.

ರಿಪೇರಿ ಎಲ್ಲದಕ್ಕೂ ಒಂದೇ: ಪೂರ್ತಿ ಒಣಗಲು ಬಿಟ್ಟು, ಗುಳ್ಳೆ ಒಡೆದು ತಳ ಕಾಣುವವರೆಗೆ 400ರಲ್ಲಿ ಉಜ್ಜಿ, ತೂತುಗಳಿಗೆ ಸಣ್ಣ ಬ್ರಷ್ಷಿನಲ್ಲಿ ಲ್ಯಾಕರ್ ಹನಿ ತುಂಬಿ, ಮತ್ತೆ ಸಮ ಮಾಡಿ. ತೂತಿನ ಮೇಲೆ ನೇರವಾಗಿ ಸ್ಪ್ರೇ ಮಾಡಿದರೆ ಲ್ಯಾಕರ್ ಅದರ ಬಾಯಿಗೆ ಸೇತುವೆ ಕಟ್ಟಿ ಹೊಸ ಗುಳ್ಳೆಯಾಗುತ್ತದೆ.

ಮೀನಿನ ಕಣ್ಣಿನಂಥ ಗುಳಿ, ಕಿತ್ತಳೆ ಸಿಪ್ಪೆ, ಸೋರಿಕೆ

ಹಸಿ ಲ್ಯಾಕರ್ ದುಂಡಗೆ ಸರಿದು ನಡುವೆ ಮರ ಕಾಣುವ ಗುಳಿ ಬಿದ್ದರೆ ಅಲ್ಲಿ ಜಿಡ್ಡಿದೆ: ಗಿಟಾರ್ ಪಾಲಿಶ್ ಅಥವಾ ಕಾರ್ ಪಾಲಿಶ್‌ನ ಸಿಲಿಕೋನ್, ಕೊಬ್ಬರಿ ಎಣ್ಣೆಯ ಕೈ, ಅದೇ ಕೋಣೆಯಲ್ಲಿ ಹೊಡೆದ ಸೊಳ್ಳೆ ಸ್ಪ್ರೇ. ಉಜ್ಜಿದರೆ ಸಿಲಿಕೋನ್ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಹಸಿಯಿರುವಾಗಲೇ ಥಿನ್ನರ್ ಬಟ್ಟೆಯಲ್ಲಿ ಒರೆಸಿ ತೆಗೆದು, ವೈಟ್ ಪೆಟ್ರೋಲ್‌ನಲ್ಲಿ ಬಟ್ಟೆ ಬದಲಿಸುತ್ತಾ ಎರಡು-ಮೂರು ಸಲ ಒರೆಸಿ. ನಂತರ ಶೆಲ್ಯಾಕ್‌ನ ಎರಡು ತೆಳು ಕೋಟ್ ತಡೆಗೋಡೆಯಾಗಿ ಕೊಡಿ. ಅಂಗಡಿಯ ಅರಗಿನ ಚಕ್ಕೆಯಲ್ಲಿ ಮೇಣವಿರುತ್ತದೆ. ಸ್ಪಿರಿಟ್‌ನಲ್ಲಿ ಕರಗಿಸಿ ಒಂದೆರಡು ದಿನ ಅಲುಗಿಸದೆ ಇಟ್ಟರೆ ಮೇಣ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನಷ್ಟೇ ಬಳಸಿ.

ಕಿತ್ತಳೆ ಸಿಪ್ಪೆಯಂಥ ಮೈಗೆ ಕಾರಣ ಲ್ಯಾಕರ್ ಮಂದವಾಗಿರುವುದು, ಗನ್ ದೂರವಾಗಿರುವುದು ಅಥವಾ ಒತ್ತಡ ಇಳಿದಿರುವುದು. ಗನ್‌ಗೆ 15–20 ಸೆಂ.ಮೀ., ಸ್ಪ್ರೇ ಡಬ್ಬಿಗೆ 20–25 ಸೆಂ.ಮೀ. ದೂರ. ವೋಲ್ಟೇಜ್ ಕುಸಿಯುವ ಸಂಜೆಗಳಲ್ಲಿ ಕಂಪ್ರೆಸರ್ ಒತ್ತಡ ಹಿಡಿಯುವುದಿಲ್ಲ, ಗೇಜ್ ನೋಡುತ್ತಿರಿ. ಸಿಪ್ಪೆ ತೆಳುವಾಗಿದ್ದರೆ ಕೊನೆಯಲ್ಲಿ 800, 1000ದಲ್ಲಿ ಸಮವಾಗುತ್ತದೆ.

ಸೋರಿದ ಲ್ಯಾಕರನ್ನು ಹಸಿಯಲ್ಲಿ ಮುಟ್ಟಬೇಡಿ. ವಾರ ಬಿಟ್ಟು, ಬ್ಲೇಡಿನ ಎರಡೂ ತುದಿಗೆ ಟೇಪ್ ಸುತ್ತಿ ನಡುವಿನ ಅಲಗಿನಿಂದ ಉಬ್ಬನ್ನು ಮಾತ್ರ ಕೆರೆಯಿರಿ.

ಸುಕ್ಕು, ಸಿಪ್ಪೆ ಏಳುವುದು, ಗಟ್ಟಿಯಾಗದಿರುವುದು

ಹೊಡೆದ ನಿಮಿಷಗಳಲ್ಲೇ ಕೆಳಗಿನ ಬಣ್ಣ ಸುಕ್ಕುಗಟ್ಟಿದರೆ ಎನ್‌ಸಿ ಥಿನ್ನರ್ ಅದನ್ನು ಉಬ್ಬಿಸಿದೆ. ಎಣ್ಣೆ ಆಧಾರಿತ ಎನಾಮೆಲ್ ಮೇಲೆ ಎನ್‌ಸಿ ಲ್ಯಾಕರ್ ಯಾವತ್ತೂ ನಿಲ್ಲುವುದಿಲ್ಲ. ಅರೆ ಒಣಗಿದ ಅಕ್ರಿಲಿಕ್ ಸ್ಪ್ರೇ ಬಣ್ಣವೂ ಹೀಗೇ ಮಾಡುತ್ತದೆ. ಸುಕ್ಕಿಗೆ ರಿಪೇರಿ ಇಲ್ಲ, ಆ ಪದರ ಹೋಗಬೇಕು. ಅದಕ್ಕೇ ಹಲಗೆಯ ತುಂಡೊಂದರ ಮೇಲೆ ಸೀಲರ್, ಬಣ್ಣ, ಕ್ಲಿಯರ್ ಎಲ್ಲವನ್ನೂ ಅದೇ ಕ್ರಮದಲ್ಲಿ ಒಂದು ದಿನ ಮುಂಚೆ ಹೊಡೆದು ನೋಡಿಕೊಳ್ಳುವುದು ಅತ್ಯಗತ್ಯ. ಸಮಯ ಉಳಿಸಲು ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ತಿಂಗಳ ನಂತರ ಅಂಚಿನಲ್ಲಿ ಪದರ ಏಳುತ್ತಿದ್ದರೆ ಎಲ್ಲಿಂದ ಬಿಟ್ಟಿದೆ ಎಂದು ನೋಡಿ. ಕಾಣದ ಕಡೆ ಬ್ಲೇಡಿನಿಂದ 2 ಮಿ.ಮೀ. ಅಂತರದ ಚೌಕುಳಿ ಕೊಯ್ದು, ಟೇಪ್ ಒತ್ತಿ ಥಟ್ಟನೆ ಕೀಳಿ. ಟೇಪಿಗೆ ಬಂದ ಚೂರಿನ ಹಿಂಬದಿ ನುಣುಪಾಗಿದ್ದರೆ ಎರಡು ಪದರಗಳ ನಡುವೆ ಉಜ್ಜಿ ಒರಟು ಮಾಡಿಲ್ಲ, ಮರದ ಪುಡಿ ಇದ್ದರೆ ಮರದ ಮೇಲಿನ ದೂಳು ಅಥವಾ ತೇವ ಕಾರಣ.

ವಾರವಾದರೂ ಉಗುರಿನ ಗುರುತು ಬೀಳುತ್ತಿದ್ದರೆ ಮೂಗು ಹತ್ತಿರ ಹಿಡಿಯಿರಿ. ಥಿನ್ನರ್ ವಾಸನೆ ಇದ್ದರೆ ಇನ್ನೂ ಒಣಗುತ್ತಿದೆ, ಕಾಯಬೇಕು. ಎನ್‌ಸಿ ಲ್ಯಾಕರ್‌ಗೆ ಒಣಗಾಲದಲ್ಲೇ ಮೂರರಿಂದ ನಾಲ್ಕು ವಾರ ಬಿಟ್ಟು ಪಾಲಿಶ್ ಮಾಡಬೇಕು. ಅವಸರದಲ್ಲಿ ಹೊಳಪು ಕೊಟ್ಟರೆ ಲ್ಯಾಕರ್ ಆಮೇಲೆ ಕುಗ್ಗಿ ಎಳೆಗಳ ಗೆರೆ ಮತ್ತೆ ಕಾಣುತ್ತದೆ. ವಾಸನೆ ಇಲ್ಲದೆ ಮೆತ್ತಗಿದ್ದರೆ, ಮೆಲಮೈನ್‌ನಂಥ ಹಾರ್ಡನರ್ ಇರುವ ಪಾಲಿಶ್‌ನಲ್ಲಿ ಅಳತೆ ತಪ್ಪಿದೆ. ಅದು ಎಷ್ಟು ಕಾದರೂ ಗಟ್ಟಿಯಾಗದು, ತೆಗೆದು ಡಬ್ಬಿಯ ಮೇಲಿನ ಅಳತೆಗೆ ಸರಿಯಾಗಿ ಮತ್ತೆ ಬೆರೆಸಿ. ಪಾಲಿಶ್ ಆದ ಎನ್‌ಸಿ ಗಿಟಾರನ್ನು ರಬ್ಬರ್ ಸ್ಟ್ಯಾಂಡ್ ಮೇಲೆ ಇಟ್ಟರೆ ತಾಗಿದ ಕಡೆ ಲ್ಯಾಕರ್ ಕರಗುತ್ತದೆ, ಹತ್ತಿ ಬಟ್ಟೆ ಸುತ್ತಿ ಇಡಿ.

ನೀರಿನಲ್ಲಿ ಉಜ್ಜುವಾಗ

1000, 1500, 2000 ನಂಬರಿನ ಕಪ್ಪು ವಾಟರ್ ಪೇಪರಿನಲ್ಲಿ ಉಜ್ಜುವಾಗ ನೀರು ಸ್ಕ್ರೂ ತೂತಿಗೆ ಇಳಿದರೆ ಮರ ಉಬ್ಬಿ ಸುತ್ತಲಿನ ಲ್ಯಾಕರ್ ಉಂಗುರಾಕಾರದಲ್ಲಿ ಬಿರಿಯುತ್ತದೆ. ಮೊದಲೇ ಹೇಳಿದ ಬಿಳಿ ಉಂಗುರ ಬಹುಪಾಲು ಇದೇ. ಶುರುಮಾಡುವ ಮೊದಲು ಪ್ರತಿ ತೂತಿಗೂ ಮೇಣದ ಬತ್ತಿಯ ಚೂರು ಒತ್ತಿ ತುಂಬಿ. ಬಕೆಟ್‌ನಲ್ಲಿ ಅದ್ದುವುದು ಬೇಡ, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಬೆರೆಸಿದ ನೀರನ್ನು ಚಿಮುಕಿಸಿ ಆಗಾಗ ಒರೆಸಿ. ಈಗಾಗಲೇ ಬಿರಿದಿದ್ದರೆ ಮೂರ್ನಾಲ್ಕು ದಿನ ಒಣಗಿಸಿ, ಸೂಜಿ ತುದಿಯಲ್ಲಿ ತೆಳು ಲ್ಯಾಕರನ್ನು ಬಿರುಕಿಗೆ ಹರಿಸಿ. ಜೋಡಿಸುವ ಮೊದಲು ತೂತಿಗಿಂತ ದಪ್ಪದ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ತೂತಿನ ಬಾಯಂಚಿನ ಲ್ಯಾಕರ್ ಓರೆ ಮಾಡಿದರೆ ಸ್ಕ್ರೂ ಹಾಕುವಾಗ ಸಿಡಿಯುವುದಿಲ್ಲ.

ಅಂಚಿನಲ್ಲಿ ಬಣ್ಣ ಹರಿದು ತಳ ಕಂಡಿತೇ? ಅಂಚಿನಲ್ಲಿ ಲ್ಯಾಕರ್ ಯಾವಾಗಲೂ ತೆಳು, ಅಲ್ಲಿ ಕಾಗದ ಒತ್ತಬಾರದು. ಎನ್‌ಸಿ ಆದರೆ ಹೊಸ ಕೋಟ್ ಹಳೆಯದರಲ್ಲಿ ಕರಗಿ ಸೇರುತ್ತದೆ, ಬಣ್ಣ ತುಂತುರಿಸಿ ಕ್ಲಿಯರ್ ಕೊಟ್ಟರೆ ಗೊತ್ತಾಗದು. ಪಿಯು ಪದರಗಳು ಬೆರೆಯುವುದಿಲ್ಲ, ಹರಿದ ಜಾಗ ನಕ್ಷೆಯ ಗೆರೆಯಂತೆ ಉಂಗುರವಾಗಿ ಉಳಿಯುತ್ತದೆ. ಅದಕ್ಕೆ ಇಡೀ ಮೈಯನ್ನು ಉಜ್ಜಿ ಮತ್ತೆ ಪೂರ್ತಿ ಕೋಟ್ ಕೊಡಬೇಕು. ಸ್ಟೀಲ್ ವೂಲ್ ಮಾತ್ರ ಗಿಟಾರ್ ಹತ್ತಿರ ತರಬೇಡಿ, ಅದರ ಚೂರುಗಳು ಪಿಕಪ್ಪಿನ ಅಯಸ್ಕಾಂತಕ್ಕೆ ಅಂಟಿದರೆ ಬಿಡಿಸುವುದು ಕಷ್ಟ.

ಜೋಡಿಸಿದ ಮೇಲೆ ಬರುವ ತೊಂದರೆ

ನೆಕ್ ಪಾಕೆಟಿಗೆ ಇಳಿಯದಿದ್ದರೆ ಒಳಗೆ ಲ್ಯಾಕರ್ ಕಟ್ಟಿದೆ. ಬಲವಂತವಾಗಿ ಒತ್ತಿದರೆ ಪಾಕೆಟ್ ಮೂಲೆಯಿಂದ ಬಿರುಕು ಹೊರಡುತ್ತದೆ. ಪಕ್ಕದ ಗೋಡೆಗಳ ಲ್ಯಾಕರನ್ನಷ್ಟೇ ಕೆರೆಯಿರಿ, ತಳವನ್ನು ಮುಟ್ಟಬೇಡಿ.

ಗುಂಯ್ ಎನ್ನುವ ಸದ್ದು ಹೊಸದಾಗಿ ಶುರುವಾಗಿದ್ದರೆ ಬ್ರಿಡ್ಜಿನ ಅರ್ಥ್ ತಂತಿಯನ್ನು ನೋಡಿ. ನುಡಿಸುವ ತಂತಿಗಳನ್ನು ಮುಟ್ಟಿದಾಗ ಸದ್ದು ಕಡಿಮೆಯಾಗದೆ, ಕೇಬಲ್ ಚುಚ್ಚುವ ಜಾಕ್‌ನ ಲೋಹ ಮುಟ್ಟಿದಾಗ ಮಾತ್ರ ಕಡಿಮೆಯಾದರೆ ಆ ಅರ್ಥ್ ತಂತಿ ಬ್ರಿಡ್ಜಿಗೆ ತಾಗುತ್ತಿಲ್ಲ. ಬ್ರಿಡ್ಜ್ ಕೂರುವ ಜಾಗದಲ್ಲಿ ಲ್ಯಾಕರ್ ಅದನ್ನು ಮುಚ್ಚಿರುವುದೇ ಹೆಚ್ಚು. ಅರ್ಥ್ ತಂತಿಯ ತುದಿ ಕೆರೆದು ಬ್ರಿಡ್ಜನ್ನು ಮತ್ತೆ ಕೂರಿಸಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ರಿಡ್ಜಿಗೆ, ಇನ್ನೊಂದು ಜಾಕ್‌ನ ಹೊರ ಲೋಹಕ್ಕೆ ಇಡಿ. ಒಂದು ಓಮ್‌ನ ಆಸುಪಾಸು ತೋರಿಸಬೇಕು. ಅದು ಸರಿಯಿದ್ದೂ ಸದ್ದು ಉಳಿದರೆ ಪಿಕಪ್ ಗುಳಿಗಳ ಒಳಗೆ ಮೊದಲಿದ್ದ ಕಪ್ಪು ವಾಹಕ ಬಣ್ಣ ಉಜ್ಜುವಾಗ ಹೋಗಿದೆ. ತಾಮ್ರದ ಟೇಪ್ ಅಂಟಿಸಿ, ತುಂಡುಗಳ ಕೂಡುಗಳಿಗೆ ಬೆಸುಗೆ ಹಾಕಿ, ಅದನ್ನೂ ಅರ್ಥ್‌ಗೆ ಸೇರಿಸಿ.